ಬೆಳಗಾದ ಮೇಲೆ ಹಾರಿಸುವ ಆಗ್ನೇಯಾಸ್ತ್ರ

ನನ್ನ ಕೈಯಿಂದ ಲಂಕೆ ಎಷ್ಟು ಸಲ ಸುಟ್ಟಿದೆಯೋ ನನಗೇ ಗೊತ್ತಿಲ್ಲ. ಅರಗಿನ ಮನೆ ಸುಟ್ಟಿದ್ದೀನಿ, ಖಾಂಡವವನ ಸುಟ್ಟಿದ್ದೀನಿ, ಅರ್ಜುನನಿಗೂ ಕರ್ಣನಿಗೂ ಒಂದೇ ಗೋಣಿಚೀಲದಿಂದ ಅಸ್ತ್ರ ಹಂಚಿದ್ದೀನಿ. ಗಾಬರಿ ಬೀಳಬೇಡಿ. ಕೋಲಾರದಲ್ಲಿ ಹಳ್ಳಿ ನಾಟಕಗಳಿಗೆ ಪರದೆ, ಕಿರೀಟ, ಗದೆ ಬಾಡಿಗೆಗೆ ಕೊಡೋ ಒಂದು ಸೀನರಿ ಅಂಗಡಿ ಇತ್ತು. ಅಲ್ಲಿ ಬೆಂಕಿ ಕೆಲಸ ನನ್ನದು. ಸಾಮಾನು ಎಲ್ಲಿಗೆ ಹೋದ್ರೆ ಅಲ್ಲಿಗೆ ಅದರ ಜೊತೆ ನಾನೂ ಹೋಗ್ತಿದ್ದೆ, ಗದೆ ಥರಾನೇ, ಹೋದ ಹಾಗೇ ವಾಪಸ್ ಬರಬೇಕು ಅನ್ನೋ ಕರಾರಿನ ಮೇಲೆ.

ಈಗ ಇದಕ್ಕೆ ಎಫೆಕ್ಟ್ಸ್ ಅಂತಾರಂತೆ. ಮದುವೆ ಮನೇಲಿ ಹೊಗೆ ಬಿಡೋ ಮಿಷನ್ ಇಟ್ಕೊಂಡಿರೋ ಹುಡುಗರು ನನ್ನ ಹತ್ರ ಬಂದು, ತಾತಾ, ಆವಾಗ ಯಾವ ಕೆಮಿಕಲ್ ಹಾಕ್ತಿದ್ರಿ ಅಂತ ಕೇಳ್ತಾರೆ. ಕೆಮಿಕಲ್ಲಂತೆ, ಇವರ ತಲೆ. ನಮ್ಮ ಹತ್ರ ಇದ್ದದ್ದು ಪಂಜು, ರಾಳದ ಪುಡಿ, ಜರಡಿ ಹಿಡಿದ ಬೂದಿ. ಅತಿ ಅಪಾಯದ ಸಾಮಾನು ಅಂದ್ರೆ ಊರಿಗೆಲ್ಲ ಬಾಡೂಟ ಹಾಕಿಸಿ ದುರ್ಯೋಧನನ ಪಾರ್ಟು ಗಿಟ್ಟಿಸಿಕೊಂಡವನ ತಲೆಯೊಳಗಿನ ಮದ್ದು. ಅದಕ್ಕೆ ಬತ್ತಿ ಬೇಕಿಲ್ಲ, ತಾನೇ ಹತ್ತಿಕೊಳ್ಳುತ್ತೆ. ಹೊಸದಾಗಿ ಈ ಕೆಲಸಕ್ಕೆ ಬರೋರು ಮೊದಲು ಆ ಮದ್ದಿನ ಸ್ವಭಾವ ಕಲೀಬೇಕು. ಅದಕ್ಕೇ ಇದನ್ನ ಬರೀತಿರೋದು.

ನನಗೆ ಕೆಲಸ ಕಲಿಸಿದೋರು ಮುಳಬಾಗಿಲಿನ ಖಾದರ್ ಸಾಬ್ರು. ಮದುವೆ ಮೆರವಣಿಗೆಗಳಿಗೆ ಬಾಣ ಬಿರುಸು ಕಟ್ಟೋ ಮನೆತನ. ವಯಸ್ಸಾದ ಮೇಲೆ ಸೀನರಿ ಅಂಗಡಿ ಸೇರಿಕೊಂಡಿದ್ರು. ಬಾಯಿ ತುಂಬ ಎಲೆ ಅಡಿಕೆ, ಮಾತು ಕಮ್ಮಿ. ಮೊದಲನೇ ದಿನ ನನ್ನ ಕೈಗೆ ಕೊಟ್ಟಿದ್ದು ಬೆಂಕಿಪೊಟ್ಟಣ ಅಲ್ಲ, ಒಂದು ಒದ್ದೆ ಗೋಣಿಚೀಲ. ಅದನ್ನ ಹಿಡ್ಕೊಂಡು ರಂಗದ ಪಕ್ಕದ ಮರೇಲಿ ನಿಂತಿರೋದೇ ಬಹಳ ದಿನ ನನ್ನ ಉದ್ಯೋಗ. ಬೇಜಾರಾಗಿ ಒಂದು ಸಲ ಕೇಳೇಬಿಟ್ಟೆ, ನಾನು ಬೆಂಕಿ ಹಚ್ಚೋದು ಯಾವಾಗ ಅಂತ. ಅವರು ಆಚೆ ಹೋಗಿ ಉಗುಳಿ ಬಂದು ಹೇಳಿದ್ರು:

"ಬೆಂಕಿ ನೋಡೋರ ಕಣ್ಣಲ್ಲಿ ಇರಬೇಕು ಬೇಟಾ, ಆಡೋರ ಮೈಮೇಲೆ ಅಲ್ಲ. ಹಚ್ಚೋದು ಕತ್ತೆಗೂ ಬರ್ತದೆ."

ಇದು ಬಿಟ್ಟು ಅವರು ನನಗೆ ಬೇರೆ ಪಾಠ ಹೇಳಿದ್ದು ನೆನಪಿಲ್ಲ. ಇದೊಂದನ್ನ ಮಾತ್ರ ಸಾಯೋವರೆಗೂ ಹೇಳ್ತಾನೇ ಇದ್ರು.

ಅಂಗಡಿ ಮಾಲೀಕರು ನಂಜುಂಡಪ್ಪನೋರ ಸಿದ್ಧಾಂತ ಬೇರೆ. ಅವರಿಗೆ ಮೈ ಚಿಂತೆ ಇಲ್ಲ, ಪರದೆ ಚಿಂತೆ. ನಮ್ಮ ಹತ್ರ ಇದ್ದದ್ದು ಒಂದೇ ಕೋಟೆ ಪರದೆ. ಅದೇ ಹಸ್ತಿನಾವತಿ, ಅದೇ ಲಂಕೆ, ಅದೇ ಅಯೋಧ್ಯೆ. ರಾಮ ಹದಿನಾಲ್ಕು ವರ್ಷ ವನವಾಸ ಮಾಡಿ ಕೊನೆಗೆ ಪಟ್ಟಾಭಿಷೇಕ ಮಾಡಿಸಿಕೊಳ್ತಿದ್ದದ್ದು ರಾವಣನ ಬಾಗಿಲ ಮುಂದೆ. ಹಾಗಾಗಿ ಲಂಕೆ ಸುಡಬೇಕು, ಪರದೆಗೆ ಮಸಿ ಕೂಡ ಹತ್ತಬಾರದು. ಒಬ್ಬರು ಮೈ ಸುಡಬಾರದು ಅಂತಾರೆ, ಒಬ್ಬರು ಬಟ್ಟೆ ಸುಡಬಾರದು ಅಂತಾರೆ, ನಾಟಕ ಆಡಿಸೋರು ಎಲ್ಲಾ ಧಗಧಗ ಉರೀಬೇಕು ಅಂತಾರೆ. ಇವರ ಮಧ್ಯೆ ನಾನು ತಲೆಗೂದಲು ಬೆಳ್ಳಗೆ ಮಾಡಿಕೊಂಡೆ.

ಒದ್ದೆ ಚೀಲದ ಬೆಲೆ ನನಗೆ ತಿಳಿದಿದ್ದು ದೇವರಾಯಸಮುದ್ರದಲ್ಲಿ. ಹನುಮಂತನ ಪಾರ್ಟು ಒಬ್ಬ ಪೈಲ್ವಾನರದ್ದು. ಬಾಲದ ತುದಿಗೆ ಸಣ್ಣ ಪಂಜು ಕಟ್ಟಿದ್ವಿ. ಲಂಕೆ ಸುಟ್ಟು ಒಳಗೆ ಬಂದ ತಕ್ಷಣ ಬಾಲ ಅದ್ದೋಕೆ ಅಂತ ಒಂದು ಹಂಡೆ ನೀರೂ ಇಟ್ಟಿದ್ವಿ. ಆದ್ರೆ ರಾವಣನ ಕಡೆ ರಾಕ್ಷಸರಿಗೆ ನಡುನಡುವೆ ಕಾಫಿ ಆಗಬೇಕು. ಆ ನೀರನ್ನ ಯಾರೋ ಬಗ್ಗಿಸಿಕೊಂಡು ಹೋಗಿ ಒಲೆ ಮೇಲೆ ಇಟ್ಟುಬಿಟ್ಟಿದ್ರು. ಪೈಲ್ವಾನರು ಕುಣಿದು ಸಾಕಾಗಿ ಬಂದು ಹಂಡೆಗೆ ಬಾಲ ಬಿಟ್ರೆ ಒಳಗೆ ಹನಿ ನೀರಿಲ್ಲ. ನಾನು ಚೀಲ ಹಿಡ್ಕೊಂಡು ಓಡಿ ಬರೋಷ್ಟರಲ್ಲಿ ಅವರು ಹೌಹಾರಿ ಸ್ಟೇಜಿನಿಂದ ಕೆಳಕ್ಕೆ ಹಾರಿ, ಜನರ ಮಧ್ಯೆ ದಾರಿ ಮಾಡಿಕೊಂಡು, ಏರಿ ಹತ್ತಿ ಕೆರೆಗೆ ದುಮುಕಿದ್ರು. ಮೈಗೆ ಏನೂ ಆಗಲಿಲ್ಲ, ಮಾನ ಮಾತ್ರ ಒದ್ದೆ ಆಯ್ತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದಿದ್ದೇ ಹೊಡೆದಿದ್ದು. ಸಮುದ್ರ ದಾಟೋ ಸೀನು ಇಷ್ಟು ಚೆನ್ನಾಗಿ ಯಾವ ಕಂಪನಿಯೋರೂ ಮಾಡಿಲ್ಲ ಅಂತ ಹಿರಿಯರು ಅಪ್ಪಣೆ ಕೊಡಿಸಿದ್ರು. ಮುಂದಿನ ವರ್ಷ ಸುತ್ತಲ ಊರಿನೋರೆಲ್ಲ ಅಂಗಡಿಗೆ ಬಂದು, ನಮ್ಮ ಹನುಮಂತನೂ ಕೆರೆಗೆ ಬೀಳಬೇಕು ಅಂತ ಹಟ ಹಿಡಿದ್ರು. ಕೆರೆ ಇಲ್ಲದ ಊರಿನೋರೂ ಕೇಳಿದ್ರು.

ಇನ್ನು ಪರ್ಮಿಷನ್ನು. ಬೆಂಕಿ ಇರೋ ನಾಟಕಕ್ಕೆ ಪೊಲೀಸರ ಒಪ್ಪಿಗೆ ಬೇಕು ಅಂತ ಒಂದು ಕಾಲದಲ್ಲಿ ಶುರುವಾಯ್ತು. ಯಾವ ಠಾಣೆ ಅಂತ ಹೇಳಲ್ಲ. ಅಲ್ಲಿಗೆ ಹೊಸದಾಗಿ ಬಂದಿದ್ದ ಸಾಹೇಬರು ಭಾರಿ ಕಟ್ಟುನಿಟ್ಟು. ಆಗ್ನೇಯಾಸ್ತ್ರ ಅಂದ್ರೆ ಸ್ಫೋಟಕವೋ, ಆಯುಧವೋ, ಪಟಾಕಿಯೋ ಅಂತ ಕೇಳಿದ್ರು. ಪುರಾಣ ಸಾರ್ ಅಂದೆ. ಪುರಾಣ ಅನ್ನೋ ಕಾಲಂ ಇಲ್ಲ ಅಂದ್ರು. ಹೋಗ್ಲಿ, ಬ್ರಹ್ಮಾಸ್ತ್ರ ಎಷ್ಟು ದೂರದವರೆಗೆ ಹಾನಿ ಮಾಡುತ್ತೆ ಅಂದ್ರು. ಮೂರು ಲೋಕ ಸಾರ್ ಅಂದುಬಿಟ್ಟೆ, ಬಾಯಿ ತಪ್ಪಿ. ಹಾಗಿದ್ರೆ ಅದು ನಮ್ಮ ಲಿಮಿಟ್ ದಾಟುತ್ತೆ, ಕೋಲಾರಕ್ಕೆ ಹೋಗಿ ಅಂದ್ರು. ಕೊನೆಗೆ ಖಾದರ್ ಸಾಬ್ರು ಬಂದು ಮೇಜಿನ ಮೇಲೆ ಒಂದು ಚಿಟಿಕೆ ರಾಳದ ಪುಡಿ ಇಟ್ಟು, ಇದನ್ನ ಧೂಪಕ್ಕೂ ಹಾಕ್ತಾರೆ ಸಾರ್, ಅಂದ್ರು. ಸಾಹೇಬರು ಮೂಸಿ ನೋಡಿ, ಸೀನಿ, ಪರ್ಮಿಷನ್ ಕೊಟ್ರು. ವಾರುಣಾಸ್ತ್ರಕ್ಕೆ ಮಾತ್ರ ನಮ್ಮ ಹತ್ರ ಬರಬೇಡಿ ಅಂದ್ರು, ಅದು ನೀರಾವರಿ ಇಲಾಖೆಗೆ ಸೇರಿದ್ದಂತೆ.

ಆದ್ರೆ ನಮ್ಮ ಅಸ್ತ್ರಗಳ ನಿಜವಾದ ಶತ್ರು ಪೊಲೀಸರೂ ಅಲ್ಲ, ಮಳೆನೂ ಅಲ್ಲ, ಹೂವಿನ ಹಾರ. ನಮ್ಮ ಸೀಮೆ ನಾಟಕ ನೋಡಿದೋರಿಗೆ ಗೊತ್ತು. ಭೀಮ ರಂಗಕ್ಕೆ ಬಂದು ಗದೆ ಎತ್ತಿದ ಅನ್ನೋಷ್ಟರಲ್ಲಿ ಹಾರ್ಮೋನಿಯಂ ನಿಲ್ಲುತ್ತೆ. ಭೀಮನ ಪಾತ್ರಧಾರಿಗೆ ಅವರ ಸೋದರಮಾವನವರು ಹಾರ ಹಾಕಿ ಆಶೀರ್ವಾದ ಮಾಡ್ತಾರೆ ಅಂತ ಮೈಕಲ್ಲಿ ಕೂಗ್ತಾರೆ. ಮಾವ ಹತ್ತಿ ಬಂದು ಹಾರ ಹಾಕಿ, ಟವೆಲ್ ಹೊದಿಸಿ ಇಳೀತಾನೆ. ಆಮೇಲೆ ಭಾವಮೈದ. ಆಮೇಲೆ ಷಡ್ಡಕ. ಅಷ್ಟು ಹೊತ್ತೂ ದುಶ್ಯಾಸನ ಹೊಟ್ಟೆ ಬಗೆಸಿಕೊಳ್ಳೋಕೆ ಕೆಳಗೆ ಬಿದ್ದುಕೊಂಡು ಕಾಯ್ತಾ ಕಾಯ್ತಾ ಗೊರಕೆ ಹೊಡೀತಾನೆ. ಊರಿನ ನೆಂಟಸ್ತಿಕೆ ಪೂರಾ ಹೀಗೆ ಹತ್ತಿ ಇಳಿಯೋಷ್ಟರಲ್ಲಿ ಮೂಡಲು ಬೆಳ್ಳಗಾಗ್ತಿತ್ತು. ಯುದ್ಧ ಇರೋದೇ ಕಡೇಲಿ. ಅಂದ್ರೆ ನನ್ನ ಅಸ್ತ್ರಗಳೆಲ್ಲ ಹಾರ್ತಿದ್ದದ್ದು ಸೂರ್ಯ ಹುಟ್ಟಿದ ಮೇಲೆ.

ಬಿಸಿಲಲ್ಲಿ ಬೆಂಕಿ ಕಾಣಲ್ಲ ಕಣ್ರಪ್ಪಾ. ರಾತ್ರಿ ಹೊತ್ತು ಪಂಜಿನ ಮೇಲೆ ರಾಳ ಎರಚಿದ್ರೆ ಭಗ್ ಅಂತ ಎದ್ದು ಹೆಂಗಸರು ಮಕ್ಕಳು ಕಿರಿಚೋರು. ಅದೇ ಬೆಳಗಾದ್ರೆ ಒಲೆ ಹೊಗೆ ಅಷ್ಟೇ. ಶ್ರೀನಿವಾಸಪುರದ ಆಚೆ, ಗಡಿ ಹತ್ರದ ಒಂದು ಊರಲ್ಲಿ ಅರ್ಜುನ ಆಗ್ನೇಯಾಸ್ತ್ರ ಬಿಟ್ಟ. ತಂತಿ ಮೇಲೆ ಬಾಣ ಸರಿಯಾಗೇ ಹೋಯ್ತು, ಉರಿ ಮಾತ್ರ ಯಾರಿಗೂ ಕಾಣಲಿಲ್ಲ. ಕೌರವ ಸೈನಿಕರು ಹೇಳಿಕೊಟ್ಟಿದ್ದ ಹಾಗೆ ಅಯ್ಯಯ್ಯೋ ಅಂತ ಬೊಬ್ಬೆ ಹೊಡೆದು ಬಿದ್ರು. ಮುಂದಿನ ಸಾಲಲ್ಲಿ ಕೂತಿದ್ದ ಒಬ್ಬ ಮುದುಕ ಎದ್ದು ತೆಲುಗಲ್ಲಿ ಕೇಳಿದ, "ನಿಪ್ಪು ಎಕ್ಕಡಪ್ಪಾ? ಎಂಡಕೇ ಪಡಿಪೋಯಿನಾರಾ?" ಬೆಂಕಿ ಎಲ್ಲಪ್ಪಾ, ಬರೀ ಬಿಸಿಲಿಗೇ ಬಿದ್ದುಹೋದ್ರಾ, ಅಂತ. ಕುರುಕ್ಷೇತ್ರ ಅಲ್ಲಿಗೆ ಮುಗೀತು. ಸತ್ತೋರೇ ಮೊದಲು ನಗೋಕೆ ಶುರು ಮಾಡಿದ್ರು.

ಇದಕ್ಕೆ ದಾರಿ ತೋರಿಸಿದೋರು ಮಾಲೂರಿನ ಸರೋಜಮ್ಮ. ಹಳ್ಳಿ ನಾಟಕದಲ್ಲಿ ಗಂಡಸರ ಪಾರ್ಟು ಊರಿನೋರದ್ದು, ಹೆಂಗಸರ ಪಾರ್ಟಿಗೆ ಟೌನಿಂದ ಕಲಾವಿದೆಯರನ್ನ ಕರೆಸೋರು. ದ್ರೌಪದಿ, ಸೀತೆ, ಮಂಡೋದರಿ ಯಾವುದೇ ಆಗ್ಲಿ, ನಾಲ್ಕು ತಾಲ್ಲೂಕಿಗೂ ಸರೋಜಮ್ಮನೇ. ಗಂಡ ತೀರಿಕೊಂಡಿದ್ರು. ಇಟ್ಟಿಗೆ ಗೂಡುಗಳ ಹಿಂದಿನ ಬೀದೀಲಿ ಮನೆ, ತಾಯಿ, ಇಬ್ಬರು ಹೆಣ್ಣುಮಕ್ಕಳು. ಮುಂಚೆ ಯಾವುದೋ ಕಂಪನೀಲಿ ಒಬ್ಬ ದಡ್ಡ ಹಾರಿಸಿದ ಕಿಡಿ ಅವರ ಚೌರಿಗೆ ಹತ್ತಿಕೊಂಡು, ಎಡಗಿವಿ ಕೆಳಗೆ ಚರ್ಮ ಸುಟ್ಟು ಸುಕ್ಕಾಗಿತ್ತು. ಅದನ್ನ ಮುಚ್ಚೋಕೆ ಯಾವ ಪಾರ್ಟಲ್ಲೂ ಜಡೆ ಎಡಗಡೆಗೇ ಇಳಿಬಿಡೋರು. ಬಣ್ಣ ಹಚ್ಚಿಕೊಳ್ಳೋಕೆ ಕೂರೋ ಮುಂಚೆ ನನ್ನ ಹತ್ರ ಬಂದು ಒಂದೇ ಮಾತು ಕೇಳೋರು: "ವೆಂಕಟೇಶಣ್ಣ, ಇವತ್ತು ಏನೇನು ಸುಡ್ತೀಯ?"

ನಾನು ಒಂದೊಂದಾಗಿ ಒಪ್ಪಿಸಬೇಕು, ಎಲ್ಲಿ ಹಚ್ತೀನಿ, ಅವರು ಎಲ್ಲಿ ನಿಲ್ಲಬೇಕು, ಯಾವ ಕಡೆಯಿಂದ ಇಳೀಬೇಕು. ಎಲ್ಲಾ ಕೇಳಿಸ್ಕೊಂಡು, ಗೋಣಿಚೀಲ ಒದ್ದೆ ಇದೆಯಾ ಅಂತ ಕೈಯಿಂದ ಮುಟ್ಟಿ ನೋಡಿ ಹೋಗೋರು. ನನ್ನ ಮುಖ ಹೋದ್ರೆ ನಮ್ಮನೆ ಅನ್ನ ಹೋಯ್ತು ಕಣಣ್ಣ ಅಂತ ಒಂದ್ಸಲ ಅಂದಿದ್ರು. ಬೆಂಕಿ ಕೆಲಸಕ್ಕೆ ಬರೋ ಹುಡುಗರೇ, ಆ ಪ್ರಶ್ನೆ ಕೇಳೋರು ನಿಮಗೆ ಯಾರೂ ಇಲ್ಲದಿದ್ರೆ ನಿಮ್ಮನ್ನ ನೀವೇ ಕೇಳ್ಕೊಳ್ಳಿ.

ಬಿಸಿಲಿಗೆ ಬಿದ್ದ ಕೌರವರ ಕತೆ ಕೇಳಿ ಅವರು ಹೊಟ್ಟೆ ಹಿಡ್ಕೊಂಡು ನಕ್ಕು, ನಮ್ಮೂರಲ್ಲಿ ಇಟ್ಟಿಗೆ ಲಾರಿ ಹೋದ್ರೆ ಬೀದಿಗೆ ಬೀದಿನೇ ಸಿಡಿದು ಹೋದ ಹಾಗೆ ಕೆಂಪಗೆ ಕಾಣುತ್ತಲ್ಲಣ್ಣ, ಅದನ್ನ ಹಾರಿಸು ಅಂದ್ರು. ಮುಂದಿನ ನಾಟಕಕ್ಕೆ ಬಸ್ಸಲ್ಲಿ ಒಂದು ಚೀಲ ಇಟ್ಟಿಗೆಪುಡಿ ತಂದೇಬಿಟ್ರು. ಅದನ್ನ ಜರಡಿ ಹಿಡಿದು, ಬೂದಿ ಬೆರೆಸಿ, ಸಣ್ಣ ಮಡಕೆಗಳಿಗೆ ತುಂಬಿ, ಬಟ್ಟೆ ಕಟ್ಟಿ ಎತ್ತರದಿಂದ ಬೀಳಿಸಿದ್ರೆ, ಅಬ್ಬಬ್ಬಾ! ಎಳೆಬಿಸಿಲಲ್ಲಿ ಕೆಂಪು ಮೋಡ ಎದ್ದು ಅರ್ಧ ರಂಗ ಮುಚ್ಚೋದು. ಜೊತೆಗೆ ತಗಡು ಬಡಿದ್ರೆ ಪ್ರಳಯ. ಅವತ್ತಿಂದ ನನ್ನ ಹತ್ರ ಎರಡು ಥರ ಆಗ್ನೇಯಾಸ್ತ್ರ, ರಾತ್ರಿಯದ್ದು ಒಂದು, ಬೆಳಗಾದ ಮೇಲಿನದ್ದು ಒಂದು. ಸುಡೋ ಮಾತೇ ಇಲ್ಲ. ಸೀನು ಬರೋದು ಬಿಟ್ರೆ ಬೇರೆ ತೊಂದರೆ ಇಲ್ಲ.

ಇಷ್ಟೆಲ್ಲ ಮಾಡಿದ್ರೂ ನಾಟಕದ ಕರಪತ್ರದಲ್ಲಿ ಪೆಟ್ರೋಮ್ಯಾಕ್ಸ್ ಹೊರೋನ ಹೆಸರಿರ್ತಿತ್ತು, ನನ್ನದು ಇರ್ತಿರಲಿಲ್ಲ. ಅಸ್ತ್ರ ದೇವರು ಕೊಟ್ಟಿದ್ದು ಅಂತ ಜನ ನಂಬಬೇಕಲ್ಲ ವೆಂಕಟೇಶ ಅನ್ನೋರು ನಂಜುಂಡಪ್ಪನೋರು. ಹಾರ ಅಂತೂ ದೂರದ ಮಾತು. ಸರೋಜಮ್ಮನಿಗೂ ಅಷ್ಟೇ. ಊರಲ್ಲಿ ನೆಂಟರಿಲ್ಲದೋರಿಗೆ ಹಾರ ಹಾಕೋರು ಯಾರು?

ಎಂಬತ್ತರ ದಶಕ ಬರೋಷ್ಟರಲ್ಲಿ ಪೆಟ್ರೋಮ್ಯಾಕ್ಸ್ ಹೋಗಿ ಜನರೇಟರ್ ಬಂತು, ಖಾದರ್ ಸಾಬ್ರು ತೀರಿಕೊಂಡ್ರು, ಜನಕ್ಕೆ ಪುರಾಣ ಸಾಕಾಯ್ತು. ಆವಾಗ ಹೋಳೂರು ಕಡೆಯ ಒಂದು ಹಳ್ಳಿಯಿಂದ ಹೊಸ ನಾಟಕಕ್ಕೆ ಕರೆ ಬಂತು. ಊರಿನ ಹೆಸರು ಬೇಡ, ಅಲ್ಲಿಯೋರ ಮೊಮ್ಮಕ್ಕಳು ಈಗಲೂ ಸಿಕ್ಕಿದ್ರೆ ನಮಸ್ಕಾರ ಅಂತಾರೆ. ನಾಟಕ ಬರೆದೋರು ಹಾರ್ಮೋನಿಯಂ ಮೇಷ್ಟ್ರು ರಾಮಣ್ಣನೋರು. ಜ್ವಾಲಾಪುರಿ ಅಂತ ಒಂದು ಇಲ್ಲದ ದೇಶ, ಅಲ್ಲೊಂದು ಕೋಟೆ, ವೀರ ಮಹಾರಾಣಿ, ಕೋಟೆಗೆ ಮುತ್ತಿಗೆ ಹಾಕೋ ರಾಜ. ಇದು ಯಾವ ಕಾಲ ಮೇಷ್ಟ್ರೇ ಅಂದೆ. ಕುದುರೆ ಉಂಟು, ಕತ್ತಿ ಉಂಟು, ರೈಲು ಇಲ್ಲ, ಅಷ್ಟು ತಿಳ್ಕೋ ಅಂದ್ರು. ಮೇಷ್ಟ್ರು ವಿಚಾರವಂತರು, ಮಂತ್ರ ಇರಕೂಡದು ಅಂತ ಅವರ ಹಟ. ಹಾಗಾಗಿ ಅಸ್ತ್ರ ಇಲ್ಲ. ಕೋವಿ, ಫಿರಂಗಿನೂ ಇನ್ನೂ ಹುಟ್ಟಿಲ್ಲ. ಆದ್ರೆ ಕೋಟೆ ಸಿಡೀಬೇಕು.

ನಾನು ಕೂತು ಯೋಚನೆ ಮಾಡಿದೆ. ಅಂಥ ದೇಶದಲ್ಲಿ ಜನ ಏನು ಇಟ್ಕೊಂಡಿರ್ತಾರೆ? ಎಣ್ಣೆ ಇರುತ್ತೆ, ರಾಳ ಇರುತ್ತೆ, ಮಡಕೆ ಇರುತ್ತೆ, ಎಸೆಯೋಕೆ ಕವಣೆ ಇರುತ್ತೆ. ಕೋಟೆ ಮೇಲಿಂದ ಹೆಂಗಸರು ಉರಿಯೋ ಎಣ್ಣೆ ಮಡಕೆ ಎಸೀತಾರೆ ಅಂದೆ. ಮೇಷ್ಟ್ರಿಗೆ ಖುಷಿಯೋ ಖುಷಿ. ಹುರುಪಿಗೆ ಬಿದ್ದು ಇನ್ನೊಂದೂ ಹೇಳಿದೆ, ಒಣಮೆಣಸಿನಕಾಯಿ ಹೊಗೆ. ಅದಕ್ಕೆ ಮಂತ್ರನೂ ಬೇಡ, ಶತ್ರು ತಾನೇ ಓಡ್ತಾನೆ. ಊರ ಸ್ಕೂಲಲ್ಲಿ ಮಧ್ಯಾಹ್ನದ ಪ್ರಾಕ್ಟೀಸಲ್ಲಿ ಒಂದು ಹಿಡಿ ಕೆಂಡಕ್ಕೆ ಹಾಕಿದ್ದಷ್ಟೇ. ಗಾಳಿ ತಿರುಗಿತು. ಮುತ್ತಿಗೆ ಹಾಕಿದ ಸೈನ್ಯ, ಕೋಟೆ ಕಾಯೋ ಸೈನ್ಯ, ಹಾರ್ಮೋನಿಯಂ, ತಬಲ ಎಲ್ಲಾ ಕೆಮ್ಮಿಕೊಂಡು ಬಯಲಿಗೆ ಬಿದ್ರು. ಯಾರ ಮನೆಯದೋ ಒಬ್ಬ ಅಜ್ಜಿ ದೃಷ್ಟಿ ತೆಗೀತಿದ್ದಾರೆ ಅಂದ್ಕೊಂಡು, ಇಷ್ಟು ಘಾಟು ಬಂತಲ್ಲ, ನಿಮ್ಮ ನಾಟಕಕ್ಕೆ ಯಾರ ದೃಷ್ಟಿನೂ ತಗುಲಿಲ್ಲ ಬಿಡಿ, ಅಂತ ಸಮಾಧಾನ ಹೇಳಿ ಹೋದ್ಲು.

ಮುತ್ತಿಗೆ ಹಾಕೋ ರಾಜನ ಪಾರ್ಟು ಪಂಚಾಯ್ತಿ ಚೇರ್ಮನ್ ಪಿಳ್ಳಪ್ಪನೋರದ್ದು. ಖರ್ಚೆಲ್ಲ ಅವರದ್ದೇ. ಮಹಾರಾಣಿ ಸರೋಜಮ್ಮ. ಕಡೇ ಸೀನಲ್ಲಿ ಅವರು ಕೋಟೆ ಬುರುಜಿನ ಮೇಲೆ ನಿಂತು ಹಾಡಬೇಕು, ಹಾಡು ಮುಗಿದ ಮೇಲೆ ಕೋಟೆ ಸಿಡೀಬೇಕು. ಬುರುಜು ಅಂದ್ರೆ ಬೊಂಬು, ಹಲಗೆ, ಮುಂದೆ ಪರದೆ. ನಾನು ಎರಡೂ ಥರ ಸಾಮಾನು ತಂದಿದ್ದೆ, ಬೇಗ ಮುಗಿದ್ರೆ ರಾಳ, ಬೆಳಗಾದ್ರೆ ಇಟ್ಟಿಗೆಪುಡಿ.

ನಾಟಕದ ದಿನ ಮಧ್ಯಾಹ್ನ ಚೇರ್ಮನ್ರು ನನ್ನನ್ನ ಸ್ಟೇಜಿನ ಹಿಂದೆ ಕರೆದ್ರು. ಜೊತೇಲಿ ಅವರ ತೋಟದ ಬಾವಿ ತೋಡ್ತಿದ್ದ ಮದ್ದಿನೋನು ಇದ್ದ. ಟವೆಲ್ ಬಿಚ್ಚಿ ತೋರಿಸಿದ್ರು. ಒಳಗಿದ್ದದ್ದು ಬಂಡೆ ಒಡೆಯೋ ಮದ್ದು. ಪಕ್ಕದೂರಿನ ನಾಟಕದ ಸದ್ದು ಮೂರು ಊರಿಗೆ ಕೇಳಿಸಿತ್ತಂತೆ, ಇವರದ್ದು ಕೋಲಾರಕ್ಕೆ ಕೇಳಿಸಬೇಕಂತೆ. ಇದು ಬಂಡೆಗೆ ಅಣ್ಣಾ, ನಮ್ಮ ಕೋಟೆ ಬರೀ ಬಟ್ಟೆ, ಮೇಲೆ ಹೆಂಗಸು ನಿಂತಿರ್ತಾರೆ ಅಂದೆ.

"ಆಯಮ್ಮನಿಗೆ ಸ್ವಲ್ಪ ಪಕ್ಕಕ್ಕೆ ನಿಂತ್ಕೋ ಅಂತ ಹೇಳೋ," ಅಂದ್ರು.

ನೀವೆಲ್ಲಿ ನಿಲ್ತೀರಿ ಅಂತ ಕೇಳಿದೆ. ಅವರು ಆ ಕೊನೇಲಿ, ಹಾರ್ಮೋನಿಯಂನಿಂದ ಆಚೆ ನಿಲ್ತಾರಂತೆ. ರಾಜ ದೂರದಿಂದಲೇ ಗೆಲ್ಲಬೇಕಂತೆ. ನನ್ನ ಕೈಲಾಗಲ್ಲ ಅಂದೆ. ನೀನಲ್ಲದಿದ್ರೆ ಇವನು ಹಚ್ತಾನೆ ಬಿಡು ಅಂದ್ರು. ಮದ್ದಿನೋನು ನಾಟಕ ಅಂದ್ರೆ ಏನು ಅಂತ ಹುಟ್ಟಿದಾಗಿಂದ ನೋಡಿಲ್ಲ. ನಾನು ಬಿಟ್ಟು ಹೋದ್ರೆ ಕೆಲಸ ಕೆಡುತ್ತೆ ಅಂತ ಅವಾಗ ಗೊತ್ತಾಯ್ತು. ಸರಿ ಅಣ್ಣಾ, ನಾನೇ ನೋಡ್ಕೋತೀನಿ, ಕಡೇ ಸೀನು ಬರಲಿ, ಅಲ್ಲಿವರೆಗೂ ಮದ್ದು ಇವನ ಹತ್ರ ದೂರದಲ್ಲಿರಲಿ ಅಂದೆ. ಪೊಲೀಸರಿಗೆ ಹೇಳೋಣ ಅಂದ್ರೆ, ಅವರ ಸಾಹೇಬರೇ ಅವತ್ತಿನ ಮುಖ್ಯ ಅತಿಥಿ.

ಸಂಜೆ ಸರೋಜಮ್ಮ ಬಂದ್ರು. ಬಂದೋರೇ ಕೇಳಿದ್ರು, ಇವತ್ತು ಏನೇನು ಸುಡ್ತೀಯ ಅಂತ. ಸುಳ್ಳು ಹೇಳೋಕೆ ಬಾಯಿ ಬರಲಿಲ್ಲ. ಎಲ್ಲಾ ಹೇಳಿದೆ. ಹೋಗಿಬಿಡಿ, ಕೊನೇ ಬಸ್ಸು ಇನ್ನೂ ಇದೆ ಅಂದೆ. ಅವರು ಅಲ್ಲೇ ಟ್ರಂಕಿನ ಮೇಲೆ ಕೂತ್ರು. ಬಣ್ಣ ಹಚ್ಚೋ ಮುಂಚೆ ಎದ್ದು ಹೋದಳು ಅಂತ ಒಂದು ಊರಲ್ಲಿ ಹೆಸರು ಬಂದ್ರೆ ನಾಲ್ಕು ತಾಲ್ಲೂಕಲ್ಲೂ ಯಾರೂ ಕರೆಯಲ್ಲ, ಅದು ನನಗೂ ಗೊತ್ತಿತ್ತು. ಅಭ್ಯಾಸದ ಹಾಗೆ ಕೈ ಚಾಚಿ ಗೋಣಿಚೀಲ ಮುಟ್ಟಿ ನೋಡಿದ್ರು.

"ಇದಕ್ಕೆ ಈ ಚೀಲ ಸಾಕಾಗಲ್ಲ ಅಲ್ವೇನಣ್ಣ?"

ನನಗೆ ಅಳು ಬಂದುಬಿಡ್ತು. ಖಾದರ್ ಸಾಬ್ರು ಇದ್ದಿದ್ರೆ ಏನು ಮಾಡ್ತಿದ್ರೋ ಅಂತ ಆಚೆ ಬಂದು ನಿಂತೆ. ನೋಡ್ತೀನಿ, ಚೇರ್ಮನ್ರ ನೆಂಟರು ಕುಕ್ಕೆ ಕುಕ್ಕೆ ಹಾರ ಇಳಿಸ್ತಿದ್ದಾರೆ. ಇಷ್ಟು ವರ್ಷ ಯಾವ ಹಾರಗಳಿಗೆ ಹಿಡಿಶಾಪ ಹಾಕಿದ್ನೋ ಅವನ್ನ ನೋಡಿ ಕೈಮುಗಿಯೋಣ ಅನ್ನಿಸ್ತು. ನೇರ ರಾಮಣ್ಣ ಮೇಷ್ಟ್ರ ಹತ್ರ ಹೋದೆ. ಮೈಕು ಅವರ ಕೈಲಿ. ವಿಷಯ ಹೇಳಿ, ಇವತ್ತು ಹಾರ ಹಾಕೋರನ್ನ ಒಬ್ಬರನ್ನೂ ಬಿಡಬೇಡಿ ಮೇಷ್ಟ್ರೇ, ಬೆಳಗಾಗಿ ಜನ ಎದ್ದು ಹೋಗಲಿ ಅಂದೆ. ಅವರು ಬೆವರು ಒರೆಸಿಕೊಂಡು ತಲೆ ಆಡಿಸಿದ್ರು.

ಆ ಮೇಷ್ಟ್ರಿಗೆ ಪುಣ್ಯ ಬರಲಿ. ರಾಜ ಕತ್ತಿ ಹಿಡ್ಕೊಂಡು ಬಂದಾಗೆಲ್ಲ ಹಾರ್ಮೋನಿಯಂ ನಿಲ್ಲಿಸಿದ್ರು. ಮೊದಲು ಅಣ್ಣತಮ್ಮಂದಿರು. ಆಮೇಲೆ ಹಿರೀ ಸೊಸೆ ಕಡೆಯೋರು. ಆಮೇಲೆ, ಚೇರ್ಮನ್ರ ಕಿರೀ ಸೊಸೆ ಕಡೆ ಬೀಗರು ಯಾಕೋ ಇನ್ನೂ ಬಂದಿಲ್ಲ ಅಂತ ಮೈಕಲ್ಲಿ ಬಹಳ ಬೇಜಾರಿಂದ ಹೇಳಿದ್ರು. ಮಲಗಿದ್ದ ಬೀಗರು ಮೈಮೇಲೆ ಚೇಳು ಬಿದ್ದ ಹಾಗೆ ಎದ್ದು, ಹಿರೀ ಬೀಗರಿಗಿಂತ ಒಂದು ಹಾರ ಜಾಸ್ತಿ ಹಾಕಿದ್ರು. ಹಿರೀ ಬೀಗರು ಬಿಡ್ತಾರಾ, ಮತ್ತೆ ಬಂದ್ರು. ಹೋದ ಎಲೆಕ್ಷನ್ನಲ್ಲಿ ಸೋತ ಪಾರ್ಟಿಯೋರು ದೊಡ್ಡ ಮನಸ್ಸು ಮಾಡಿ ಬರ್ತಾರೆ ಅಂತ ನಂಬಿದ್ದೀವಿ ಅಂದ್ರು, ಅವರೂ ಹಲ್ಲು ಕಚ್ಚಿಕೊಂಡು ಬಂದ್ರು. ಚೇರ್ಮನ್ರು ಕತ್ತು ಬಗ್ಗಿಸಿದ್ದೇ ಬಗ್ಗಿಸಿದ್ದು, ಮುಖದಲ್ಲಿ ಚಂದ್ರನಂಥ ಕಳೆ. ಜ್ವಾಲಾಪುರಿ ಮುತ್ತಿಗೆ ಇದ್ದಲ್ಲೇ ಇತ್ತು.

ಮಹಾರಾಣಿ ಬುರುಜು ಹತ್ತೋಷ್ಟರಲ್ಲಿ ಬೆಳಗಾಗಿತ್ತು. ಊರಲ್ಲಿ ಹೊಸದಾಗಿ ಹಾಲಿನ ಡೈರಿ ಆಗಿತ್ತು. ಹೊತ್ತು ಮೀರಿದ್ರೆ ಹಾಲು ಹಾಕಿಸಿಕೊಳ್ಳಲ್ಲ. ದೇವರೇ ಇಳಿದು ಬಂದ್ರೂ ಆ ಹೊತ್ತಿಗೆ ಜನ ಕೂರಲ್ಲ. ಚಾಪೆ ಸುತ್ತಿಕೊಂಡು ಒಬ್ಬೊಬ್ಬರಾಗಿ ಎದ್ರು. ಸಾಹೇಬರ ಜೀಪು ಯಾವಾಗಲೋ ಹೋಗಿತ್ತು. ಮದ್ದಿನೋನು ಟವೆಲ್ ಗಂಟು ಹಿಡ್ಕೊಂಡು ಬುರುಜಿನ ಕಡೆಗೆ ಬರ್ತಾ ಇದ್ದ. ನಾನು ಹಾರಗಳೊಳಗೆ ಮುಳುಗಿದ್ದ ಚೇರ್ಮನ್ರ ಹತ್ರ ಓಡಿದೆ.

"ಅಣ್ಣಾ, ಜನ ಎಲ್ಲ ಹಾಲು ಕರೆಯೋಕೆ ಕೂತವ್ರೆ. ಈಗ ಇದನ್ನ ಹಾರಿಸಿದ್ರೆ ಸೀಮೆಹಸುಗಳು ಬೆದರಿ ಸೊರ ಬಿಡಲ್ಲ. ಊರಿಗೆ ಊರೇ ಹಾಲಿಲ್ಲದೆ ಡೈರಿ ಮುಂದೆ ನಿಂತ್ಕೊಂಡು ನಿಮ್ಮ ಹೆಸರು ಹೇಳುತ್ತೆ."

ಪಿಳ್ಳಪ್ಪನೋರು ಖಾಲಿ ಬಯಲು ನೋಡಿದ್ರು. ಮನೆಗಳ ಕಡೆ ನೋಡಿದ್ರು. ಹೆಂಗಸಿನ ಮುಖಕ್ಕೆ ಕರಗದ ಮನಸ್ಸು ಹಸುವಿನ ಕೆಚ್ಚಲಿಗೆ ಕರಗಿತು. ಹೆಂಗಸು ಮಾಲೂರಿನೋಳು, ಹಸು ಅವರೂರದ್ದು, ವೋಟು ಇರೋದು ಹಸುವಿನ ಮನೇಲಿ. ಮದ್ದಿನೋನಿಗೆ ಕೈ ಬೀಸಿ, ತಗೊಂಡು ಹೋಗಿ ಬಾವಿ ಕೆಲಸ ನೋಡ್ಕೋ ಹೋಗೋ ಅಂದ್ರು. ಅವನು ಗಂಟು ಹಿಡ್ಕೊಂಡು ತೋಟದ ದಾರಿ ಹಿಡಿದ.

ಸರೋಜಮ್ಮ ಬುರುಜಿನ ಮೇಲಿಂದ ಅವನು ಹೋಗೋದನ್ನೇ ನೋಡ್ತಾ ನಿಂತಿದ್ರು. ಆಮೇಲೆ ಹಾಡಿದ್ರು ನೋಡಿ, ಒಂದು ಚರಣನೂ ಬಿಡಲಿಲ್ಲ. ಕೇಳೋಕೆ ಇದ್ದೋರು ನಾಲ್ಕು ಜನ ಮುದುಕರು, ಮಲಗಿದ್ದ ಮಕ್ಕಳು. ಹಾಡು ಮುಗಿದ ಮೇಲೆ ಅವರನ್ನ ಇಳಿಸಿ, ಮಡಕೆಗಳನ್ನ ಬೀಳಿಸಿದೆ. ಮಾಲೂರಿನ ಕೆಂಪು ಪುಡಿ ಎಳೆಬಿಸಿಲಲ್ಲಿ ಕೋಟೆ ಎತ್ತರಕ್ಕೆ ಎದ್ದು ನಿಂತಿತು. ಜ್ವಾಲಾಪುರಿ ಸಿಡೀತು, ಎಲ್ಲರೂ ಸೀನಿದ್ರು, ಮಂಗಳ ಹಾಡಿದ್ವಿ.

ಕೋಟೆ ಕಟ್ಟು ಅರ್ಧ ಬಿಚ್ಚಿ, ಕಾಫಿ ಲೋಟ ಹಿಡ್ಕೊಂಡು ಕೂತಿದ್ವಿ. ಚೇರ್ಮನ್ರೂ ರಾಜನ ವೇಷದಲ್ಲೇ ಕೂತಿದ್ರು. ಆವಾಗ ತೋಟದ ಕಡೆಯಿಂದ ಸದ್ದು ಬಂತು. ಅಷ್ಟು ದೂರದ ಬಾವಿ, ಅದೂ ಆಳದೊಳಗೆ. ಆದ್ರೂ ಕೂತಿದ್ದ ನೆಲ ಅದುರಿತು, ಸ್ಕೂಲಿನ ಹೆಂಚು ಗಲಗಲ ಅಂದ್ವು, ಲೋಟದಲ್ಲಿ ಕಾಫಿ ತುಳುಕಿತು. ಕಟ್ಟು ಬಿಚ್ಚಿದ್ದ ಬುರುಜು ನಮ್ಮ ಕಣ್ಣೆದುರಿಗೇ ಒಂದು ಕಡೆಗೆ ವಾಲಿ, ಹಲಗೆ ಸಮೇತ ಕೆಳಗೆ ಬಿತ್ತು. ಆಮೇಲೆ ಬಂಡೆ ಚೂರುಗಳು ಎಲ್ಲೋ ಮರಗಳ ಮೇಲೆ ಬೀಳ್ತಿರೋ ಸದ್ದು.

ಚೇರ್ಮನ್ರು ಬಿದ್ದ ಬುರುಜನ್ನ ನೋಡಿದ್ರು, ಸರೋಜಮ್ಮನ್ನ ನೋಡಿದ್ರು, ಆಮೇಲೆ ಕಾಫಿಗೆ ಸಕ್ಕರೆ ಕಮ್ಮಿ ಆಗಿದೆ ಅಂತ ಯಾರಿಗೋ ಹೇಳಿದ್ರು.

ಸರೋಜಮ್ಮ ಲೋಟ ಕೆಳಗಿಟ್ಟು ಎದ್ರು. ಚೇರ್ಮನ್ರ ಪಕ್ಕದ ಹಾರದ ರಾಶಿಯಿಂದ ಒಂದನ್ನ ಎತ್ತಿಕೊಂಡ್ರು. ಯಾರನ್ನೂ ಕೇಳಲಿಲ್ಲ. ಸ್ಟೇಜ್ ಹತ್ತಿ, ಇನ್ನೂ ಬಿಚ್ಚದೇ ಇದ್ದ ಮೈಕಿನ ಮುಂದೆ ನಿಂತು, ಮೇಷ್ಟ್ರು ಕೂಗೋ ಹಾಗೇ ಕೂಗಿದ್ರು. ಡೈರಿ ಮುಂದೆ ಕ್ಯಾನ್ ಹಿಡ್ಕೊಂಡು ನಿಂತಿದ್ದೋರೆಲ್ಲ ಇತ್ತ ತಿರುಗಿದ್ರು.

"ಇವತ್ತು ಬೆಂಕಿ ಹಚ್ಚದೇ ಇದ್ದೋರಿಗೆ, ಮಹಾರಾಣಿ ಪಾತ್ರದ ಸರೋಜಮ್ಮನ ಕಡೆಯಿಂದ ಒಂದು ಹಾರ."

ನಾನು ಮೈಯೆಲ್ಲ ಇಟ್ಟಿಗೆಪುಡಿ ಮೆತ್ತಿಕೊಂಡು, ಒದ್ದೆ ಚೀಲ ಕೈಯಲ್ಲಿ ಹಿಡ್ಕೊಂಡೇ ಹತ್ತಿ ಹೋದೆ. ಹಾರದಲ್ಲಿ ಅರ್ಧ ಹೂವು ನಲುಗಿತ್ತು, ಚೇರ್ಮನ್ರ ಮೀಸೆ ಬಣ್ಣ ಬೇರೆ ಹತ್ತಿತ್ತು. ತಲೆ ಬಗ್ಗಿಸಿದೆ, ಹಾಕಿದ್ರು.